ದಿನಾ ನೀರು ಹಾಕಿದರೂ ಪೀಸ್ ಲಿಲಿ ಬಾಡುತ್ತಿದೆ. ತೂತಿಲ್ಲದ ಪಿಂಗಾಣಿ ಕುಂಡ, ತಳದಲ್ಲಿ ಜಲ್ಲಿ ಹಾಕಿದ್ದೇನೆ. ಮನೆಯೊಳಗಿನ ಗಿಡಕ್ಕೆ ವಾರಕ್ಕೆ ಎಷ್ಟು ಸಲ ನೀರು ಹಾಕಬೇಕು?

ದಿನಾ ಬೆಳಿಗ್ಗೆ ಒಂದು ಲೋಟ ನೀರು, ಆದರೂ ಜೋತುಬಿದ್ದ ಎಲೆ. ಚಿಕ್ಕಮಗಳೂರಿನಲ್ಲಿ ನನ್ನ ಮೊದಲ ಮಳೆಗಾಲವೂ ಹೀಗೇ ಇತ್ತು, ಗಿಡವೂ ಇದೇ.

ಆರಿದ್ರಾ ಮಳೆ ಹಿಡಿದು ವಾರವಾಗಿತ್ತು. ಎಲೆಗಳು ಕುಂಡದ ಅಂಚಿಗೆ ಒರಗಿದ್ದವು. ಬಾಯಾರಿದೆ ಅಂದುಕೊಂಡು ಎರಡು ಲೋಟ ಹಾಕಿದೆ. ಮಾರನೇ ದಿನ ಇನ್ನೂ ಸೋತಿತ್ತು, ಮತ್ತೆ ಹಾಕಿದೆ. ಹತ್ತು ದಿನ ಕಳೆದು ಬುಡ ಹಿಡಿದು ಎತ್ತಿದರೆ ಗಿಡ ಕೈಗೆ ಬಂತು, ಬೇರು ಕೆಸರಿನಲ್ಲೇ ಉಳಿಯಿತು. ಒಂದು ಬೇರನ್ನು ಬೆರಳುಗಳ ನಡುವೆ ಹಿಡಿದು ಎಳೆದೆ. ಕಂದು ಸಿಪ್ಪೆ ಕಳಚಿಕೊಂಡು ಒಳಗಿನ ದಾರದಂಥ ಎಳೆ ಮಾತ್ರ ಉಳಿಯಿತು. ಬಚ್ಚಲು ಕಟ್ಟಿಕೊಂಡಾಗ ಬರುವ ವಾಸನೆ.

ಈ ತಪ್ಪನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು, ಯಾಕೆಂದರೆ ನೀವೀಗ ಅದನ್ನೇ ಮಾಡುತ್ತಿದ್ದೀರಿ. ಬೇರಿಗೂ ಉಸಿರು ಬೇಕು. ಮಣ್ಣಿನ ಕಣಗಳ ನಡುವಿನ ಸಂದಿಗಳಲ್ಲಿ ಗಾಳಿ ಇರುತ್ತದೆ. ದಿನಾ ನೀರು ಬಿದ್ದರೆ ಆ ಸಂದಿಗಳೆಲ್ಲ ತುಂಬಿ ಬೇರು ಉಸಿರುಗಟ್ಟಿ ಸಾಯುತ್ತದೆ. ಅದರ ಜೊತೆಗೆ ಪಿಥಿಯಂ, ಫೈಟಾಫ್ತೊರಾದಂಥ ಶಿಲೀಂಧ್ರದಂತಹ ಜೀವಿಗಳು ಸೇರಿಕೊಳ್ಳುತ್ತವೆ. ಅಡಿಕೆಗೆ ಕೊಳೆರೋಗ ತರುವುದೂ ಫೈಟಾಫ್ತೊರಾ ಕುಲದ್ದೇ. ಸತ್ತ ಬೇರು ನೀರೆಳೆಯುವುದಿಲ್ಲ, ಹಾಗಾಗಿ ಕೆಸರಿನಲ್ಲಿ ನಿಂತೇ ಎಲೆ ಬಾಡುತ್ತದೆ. ನೋಡುವವರಿಗೆ ಅದು ಬಾಯಾರಿಕೆಯ ಹಾಗೇ ಕಾಣುತ್ತದೆ. ಗಿಡ ಸಾಯುವುದು ಇಲ್ಲೇ.

ವ್ಯತ್ಯಾಸ ಮಣ್ಣಿನಲ್ಲಿದೆ. ನಿಜವಾಗಿ ನೀರಿಲ್ಲದೆ ಬಾಡಿದ್ದರೆ ಕುಂಡ ಹಗುರವಾಗಿರುತ್ತದೆ, ಮಣ್ಣು ಕುಂಡದ ಗೋಡೆ ಬಿಟ್ಟು ಒಳಕ್ಕೆ ಸರಿದಿರುತ್ತದೆ, ನೀರು ಹಾಕಿದ ಕೆಲವೇ ಗಂಟೆಗಳಲ್ಲಿ ಪೀಸ್ ಲಿಲಿ ಎದ್ದು ನಿಲ್ಲುತ್ತದೆ. ಕುಂಡ ಭಾರವಿದ್ದು, ಕೆಳಗಿನ ಎಲೆ ಹಳದಿಯಾಗಿ, ಮಣ್ಣಿನ ಮೇಲೆ ಸಣ್ಣ ಕಪ್ಪು ನೊಣ ಹಾರುತ್ತಿದ್ದರೆ ನೀರು ಹೆಚ್ಚಾಗಿದೆ ಎಂದೇ ತಿಳಿಯಿರಿ.

ಇನ್ನು ‘ವಾರಕ್ಕೆ ಎಷ್ಟು ಸಲ’ ಎಂಬ ಪ್ರಶ್ನೆ. ಅದನ್ನೇ ಬಿಟ್ಟುಬಿಡಿ. ಪುನರ್ವಸು, ಪುಷ್ಯ ಮಳೆಯಲ್ಲಿ ನಮ್ಮೂರಲ್ಲಿ ಒಗೆದ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ. ಶಿವರಾತ್ರಿ ಕಳೆದ ಮೇಲೆ ಅದೇ ಬಟ್ಟೆ ಮಧ್ಯಾಹ್ನದೊಳಗೆ ಗರಿಗರಿ. ಕುಂಡದ ಮಣ್ಣೂ ಅದೇ ಗಾಳಿಗೆ ಒಣಗಬೇಕು. ಮಾರ್ಚಿನಲ್ಲಿ ನಾಲ್ಕೈದು ದಿನಕ್ಕೆ ನೀರು ಕೇಳುವ ಕುಂಡ ಜುಲೈನಲ್ಲಿ ಎರಡು ವಾರ ಸುಮ್ಮನಿರಬಹುದು. ಮೊಬೈಲಿನಲ್ಲಿ ಅಲಾರಂ ಇಟ್ಟುಕೊಂಡು ನೀರು ಹಾಕುವುದು ನನ್ನ ಪ್ರಕಾರ ಗಿಡಕ್ಕೆ ಮಾಡುವ ಅನ್ಯಾಯ. ಅಲಾರಂ ಬೇಕೇ ಬೇಕೆಂದರೆ ಮಣ್ಣು ಮುಟ್ಟಿ ನೋಡುವುದಕ್ಕೆ ಇಟ್ಟುಕೊಳ್ಳಿ.

ತೋರುಬೆರಳನ್ನು ಎರಡು ಗೆಣ್ಣು ಒಳಗಿಳಿಸಿ. ತಣ್ಣಗಿದ್ದು ಮಣ್ಣು ಬೆರಳಿಗೆ ಅಂಟಿಕೊಂಡರೆ ಇವತ್ತು ಬೇಡ. ಮೇಲಿನ ಮಣ್ಣು ನೋಡಿ ಮೋಸಹೋಗಬೇಡಿ, ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಇದ್ದರಂತೂ ಮೇಲೆ ಒಣಗಿ ಬೆಳ್ಳಗಾದರೂ ತಳ ಒದ್ದೆ ಇರುತ್ತದೆ. ಬೆರಳಿಗಿಂತ ನಂಬಿಕೆಯದ್ದು ತೂಕ. ನೀರು ಹಾಕಿ ಬಸಿದ ಮೇಲೆ ಕುಂಡವನ್ನು ಅಡುಗೆಮನೆಯ ತಕ್ಕಡಿಯಲ್ಲಿಟ್ಟು ತೂಕ ಬರೆದಿಡಿ. ಒಂದು ಲೀಟರ್ ನೀರು ಒಂದು ಕೆಜಿ, ಹಾಗಾಗಿ ಕುಂಡ 300 ಗ್ರಾಂ ಇಳಿದರೆ ಹೆಚ್ಚುಕಡಿಮೆ 300 ಮಿಲಿ ನೀರು ಹೋಗಿದೆ ಎಂದೇ ಅರ್ಥ. ಎರಡು ತಿಂಗಳು ಹೀಗೆ ಮಾಡಿದರೆ ತಕ್ಕಡಿ ಬೇಡ, ಎತ್ತಿದ ಕೈಗೇ ಗೊತ್ತಾಗುತ್ತದೆ.

ಹಾಕುವ ದಿನ ಮಾತ್ರ ಜಿಪುಣತನ ಬೇಡ. ದಿನಾ ಅರ್ಧ ಲೋಟ ಹಾಕಿದರೆ ಮೇಲಿನ ಪದರ ಮಾತ್ರ ಸದಾ ಒದ್ದೆ. ಸುತ್ತಲೂ ನಿಧಾನವಾಗಿ, ತಳದ ತೂತಿನಿಂದ ನೀರು ಇಳಿಯುವವರೆಗೆ ಹಾಕಿ. 6 ಇಂಚಿನ ಕುಂಡಕ್ಕೆ ಕಾಲು ಲೀಟರಿನಿಂದ ಅರ್ಧ ಲೀಟರ್ ಹಿಡಿಯಬಹುದು. ಇಪ್ಪತ್ತು ನಿಮಿಷ ಬಿಟ್ಟು ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲಿ. ಪೂರ್ತಿ ಒಣಗಿದ ಕೊಕೊಪೀಟ್ ಮೇಲಿಂದ ಹಾಕಿದ ನೀರನ್ನು ಹೀರುವುದಿಲ್ಲ, ಬದಿಯಿಂದ ಜಾರಿ ಹೋಗುತ್ತದೆ. ಆಗ ಕುಂಡವನ್ನೇ ಅರ್ಧ ಗಂಟೆ ಬಕೆಟ್ ನೀರಿನಲ್ಲಿ ಕೂರಿಸಿ.

ನಿಮ್ಮದು ತೂತಿಲ್ಲದ ಪಿಂಗಾಣಿ ಕುಂಡ, ತಳದಲ್ಲಿ ಜಲ್ಲಿ ಹಾಕಿದ್ದೇನೆ ಎಂದಿದ್ದೀರಿ. ಜಲ್ಲಿಯಿಂದ ಉಪಕಾರವಿಲ್ಲ. ನುಣ್ಣನೆಯ ಮಣ್ಣಿನಲ್ಲಿರುವ ನೀರು ಪೂರ್ತಿ ನೆನೆಯುವವರೆಗೆ ಕೆಳಗಿನ ದಪ್ಪ ಕಲ್ಲಿಗೆ ಇಳಿಯುವುದಿಲ್ಲ, ಜಲ್ಲಿಯ ಮೇಲೆಯೇ ಒದ್ದೆ ಪದರವಾಗಿ ನಿಲ್ಲುತ್ತದೆ. ಅಂದರೆ ಕೆಸರು ಬೇರಿಗೆ ಇನ್ನಷ್ಟು ಹತ್ತಿರ ಬಂತು. ಹೆಚ್ಚಿನ ನೀರು ಹರಿದುಹೋಗುವ ಬಸಿಗಾಲುವೆ ತೆಗೆಯದೆ ಮಲೆನಾಡಿನಲ್ಲಿ ಯಾರೂ ಅಡಿಕೆ ತೋಟ ಮಾಡುವುದಿಲ್ಲ. ಕುಂಡದ ತೂತು ಅಂದರೆ ಆ ಬಸಿಗಾಲುವೆಯೇ. ಗಿಡವನ್ನು ತೂತಿರುವ ಪ್ಲಾಸ್ಟಿಕ್ ಕುಂಡದಲ್ಲಿ ನೆಟ್ಟು, ಅದನ್ನು ಪಿಂಗಾಣಿಯೊಳಗೆ ಇಳಿಸಿ. ನೀರು ಹಾಕುವಾಗ ಹೊರತೆಗೆದು, ಬಸಿದ ಮೇಲೆ ವಾಪಸ್ ಇಡಿ.

ಮಣ್ಣಿನ ವಿಷಯಕ್ಕೆ ಬಂದರೆ, ಕಾಫಿ ನರ್ಸರಿಯ ಚೀಲಕ್ಕೆ ತುಂಬುವ 6 ಪಾಲು ಕಾಡುಮಣ್ಣು, 2 ಪಾಲು ಕೊಟ್ಟಿಗೆ ಗೊಬ್ಬರ, 1 ಪಾಲು ಮರಳಿನ ಮಿಶ್ರಣವನ್ನೇ ಇಲ್ಲಿ ಹಲವರು ಕುಂಡಕ್ಕೂ ಹಾಕುತ್ತಾರೆ. ಹೊರಗೆ ಅದು ಸರಿ, ಗಾಳಿ ಬೆಳಕು ಕಡಿಮೆ ಇರುವ ಹಾಲ್‌ಗೆ ಭಾರವಾಯಿತು. ಮಣ್ಣು, ಕೊಕೊಪೀಟ್, ದಪ್ಪ ಮರಳು ಅಥವಾ ಪರ್ಲೈಟ್ (ಹಗುರವಾದ ಬಿಳಿ ಕಲ್ಲಿನ ಹರಳು) ಒಂದೊಂದು ಪಾಲು, ಎರೆಗೊಬ್ಬರ ಅರ್ಧ ಪಾಲು ಸಾಕು. ಸ್ನೇಕ್ ಪ್ಲಾಂಟ್‌ಗೆ ಮರಳು ಇನ್ನೊಂದು ಪಾಲು ಹೆಚ್ಚಿಸಿ, ಮಣ್ಣು ತಳದವರೆಗೂ ಒಣಗಿದ ಮೇಲೆಯೇ ನೀರು ಕೊಡಿ. ಮನಿ ಪ್ಲಾಂಟ್ ಬಗ್ಗೆ ತಲೆಕೆಡಿಸಿಕೊಳ್ಳಬೇಡಿ.

ಪೀಸ್ ಲಿಲಿಯನ್ನು ಇವತ್ತೇ ಹೊರತೆಗೆಯಿರಿ. ಬೇರು ತೊಳೆದು, ಮೆತ್ತಗಾದ ಕಂದು ಬೇರನ್ನೆಲ್ಲ ಕತ್ತರಿಸಿ. ಕತ್ತರಿಯನ್ನು ಮೊದಲೇ ಸ್ಪಿರಿಟ್‌ನಿಂದ ಒರೆಸಿಕೊಳ್ಳಿ. ಬಿಳಿ, ಗಟ್ಟಿ ಬೇರು ಒಂದು ಹಿಡಿ ಉಳಿದರೂ ಬದುಕುತ್ತದೆ. ಉಳಿದ ಬೇರಿಗೆ ತಕ್ಕಷ್ಟೇ ಸಣ್ಣ ಕುಂಡ, ಹೊಸ ಮಣ್ಣು, ಒಮ್ಮೆ ನೀರು, ಆಮೇಲೆ ಬೆರಳು ಹೇಳುವವರೆಗೆ ನಿಲ್ಲಿಸಿ. ಬೇರು ಕಳೆದುಕೊಂಡಷ್ಟು ಹಳೆಯ ಎಲೆಗಳನ್ನೂ ತೆಗೆದುಬಿಡಿ. ನಡುವಿನಿಂದ ಹೊಸ ಎಲೆಯ ಸುರುಳಿ ಏಳುವವರೆಗೆ ಗೊಬ್ಬರ ಮುಟ್ಟಿಸಬೇಡಿ.