ಹಣದ ಮಾತೆತ್ತಿದರೆ ಅಪ್ಪ ಎದ್ದು ಹೋಗುತ್ತಾರೆ, ಹೇಗೆ ಕೇಳಲಿ?

ನಿಮ್ಮ ತಂದೆಗೆ ಎಪ್ಪತ್ತನಾಲ್ಕು ವರ್ಷ, ಠೇವಣಿಗಳ ವಿಷಯ ಕೇಳಿದರೆ ‘ನಾನಿನ್ನೂ ಸತ್ತಿಲ್ಲ’ ಎಂದು ಎದ್ದುಬಿಡುತ್ತಾರೆ ಎಂದು ಬರೆದಿದ್ದೀರಿ. ನನ್ನ ತಂದೆಯೂ ಇದೇ ಮಾತನ್ನು ಆಡಿದ್ದರು. ನಾನು ‘ಎಷ್ಟಿದೆ’ ಎಂದು ಕೇಳಿದ್ದೆ. ಜೀವನವಿಡೀ ಸಂಸಾರ ತೂಗಿಸಿದವರಿಗೆ ಅದು ಲೆಕ್ಕ ಒಪ್ಪಿಸು ಎಂದಂತೆ ಕೇಳಿಸುತ್ತದೆ. ‘ಎಲ್ಲಿದೆ’ ಎಂದಷ್ಟೇ ಕೇಳಬೇಕಿತ್ತು.

ದೊಡ್ಡಪ್ಪ ತೀರಿಕೊಂಡಾಗ ಅವರ ಟ್ರಂಕಿನಲ್ಲಿ ಮೂರು ಊರುಗಳ ಪಾಸ್‌ಬುಕ್ಕುಗಳು ಸಿಕ್ಕವು. ಒಂದರಲ್ಲೂ ದೊಡ್ಡಮ್ಮನ ಹೆಸರಿರಲಿಲ್ಲ. ಒಂದು ಖಾತೆಯ ನಾಮಿನಿ ದೊಡ್ಡಪ್ಪನ ತಾಯಿ. ಆಕೆ ಹೋಗಿ ಎಷ್ಟೋ ವರ್ಷಗಳಾಗಿದ್ದವು. ವೈಕುಂಠ ಸಮಾರಾಧನೆ ಮುಗಿದ ಮರುದಿನದಿಂದಲೇ ಮರಣ ಪ್ರಮಾಣಪತ್ರ, ವಂಶವೃಕ್ಷ, ಅಫಿಡವಿಟ್ ಎಂದು ಅಲೆದಾಟ. ಆ ತಿಂಗಳುಗಳಲ್ಲಿ ದೊಡ್ಡಮ್ಮ ಬಿ.ಪಿ. ಮಾತ್ರೆಗೂ ಸೊಸೆಯ ಮುಂದೆ ಕೈಚಾಚಿದ್ದನ್ನು ನಾನು ಕಣ್ಣಾರೆ ಕಂಡೆ. ನನ್ನ ತಾಯಿಗೆ ಆ ಗತಿ ಬರಬಾರದು ಎಂದುಕೊಂಡೆ.

ಅಪ್ಪ ಅಂಚೆ ಇಲಾಖೆಯಿಂದ ನಿವೃತ್ತರಾದವರು. ನವೆಂಬರಿನಲ್ಲಿ ಪಿಂಚಣಿಗೆ ಜೀವನ ಪ್ರಮಾಣಪತ್ರ ಕೊಟ್ಟು ಬಂದ ಸಂಜೆ, ನನ್ನ ಕಾಗದಗಳನ್ನೇ ಅವರ ಮುಂದೆ ಹರಡಿದೆ: ವಿಮೆ, ಭವಿಷ್ಯ ನಿಧಿ, ಮನೆ ಸಾಲ. ‘ನನಗೇನಾದರೂ ಆದರೆ ನಿಮ್ಮ ಸೊಸೆ ನಿಮ್ಮನ್ನೇ ಕೇಳಬೇಕಲ್ಲ’ ಎಂದೆ. ಅವರು ಕನ್ನಡಕ ಹಾಕಿಕೊಂಡು ಒಂದೊಂದನ್ನೂ ಓದಿದರು. ಭವಿಷ್ಯ ನಿಧಿಯ ನಾಮಿನಿಯನ್ನು ಮದುವೆಯ ನಂತರ ಬದಲಿಸಿಲ್ಲ ಎಂಬುದನ್ನು ಅವರೇ ಪತ್ತೆಹಚ್ಚಿದರು. ಮರುದಿನ ಕಾಫಿಯ ಹೊತ್ತಿಗೆ ತಮ್ಮ ತಗಡಿನ ಪೆಟ್ಟಿಗೆಯನ್ನು ತಾವೇ ತಂದಿಟ್ಟರು. ಅಮ್ಮನನ್ನೂ ಕರೆದು ಕೂರಿಸಿದೆವು. ದಯವಿಟ್ಟು ಇದನ್ನು ಮರೆಯಬೇಡಿ. ಅಪ್ಪ-ಮಗನ ನಡುವೆಯೇ ಮುಗಿದುಹೋದರೆ ತಾಯಿ ಮತ್ತೆ ಕತ್ತಲಲ್ಲಿಯೇ ಉಳಿಯುತ್ತಾರೆ.

ಮೊದಲು ನಾಮಿನಿಗಳನ್ನು ನೋಡಿ. 2025ರ ನವೆಂಬರ್ 1ರಿಂದ ಬ್ಯಾಂಕ್ ಠೇವಣಿಗೆ ನಾಲ್ವರವರೆಗೆ ನಾಮಿನಿಗಳನ್ನು ಹೆಸರಿಸಬಹುದು. ಆದರೆ ನಾಮಿನಿ ಹಣ ಪಡೆಯುವವರೇ ಹೊರತು ವಾರಸುದಾರರಾಗಿಬಿಡುವುದಿಲ್ಲ. ಹಂಚಿಕೆ ಸ್ಪಷ್ಟವಾಗಿರಬೇಕಾದರೆ ಉಯಿಲು ಬೇಕು. ಇಬ್ಬರು ಸಾಕ್ಷಿಗಳ ಸಹಿ ಅಗತ್ಯ, ನೋಂದಣಿ ಕಡ್ಡಾಯವಲ್ಲ. ಊರಿನ ಪತ್ತಿನ ಸಹಕಾರ ಸಂಘದಲ್ಲಿ ಠೇವಣಿಯಿದ್ದರೆ ನಿಧಾನವಾಗಿ ವಿವರಿಸಿ: ಬ್ಯಾಂಕ್ ಮುಳುಗಿದರೆ ಠೇವಣಿದಾರರಿಗೆ 5 ಲಕ್ಷ ರೂಪಾಯಿಯವರೆಗೆ ಕೊಡಿಸುವ ಠೇವಣಿ ವಿಮೆ ಅದಕ್ಕಿಲ್ಲ. ನಮ್ಮ ಮನೆಯಲ್ಲಿ ಈ ಮಾತೇ ಕಷ್ಟವಾಯಿತು, ಏಕೆಂದರೆ ಆ ಸಂಘದ ಆಡಳಿತ ಮಂಡಳಿಯಲ್ಲಿ ಇರುವವರೆಲ್ಲ ಅಪ್ಪನ ಸ್ನೇಹಿತರು. ಹತ್ತು ವರ್ಷ ಯಾರೂ ಕೇಳದೆ ಬಿದ್ದಿರುವ ಬ್ಯಾಂಕ್ ಹಣ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗಿರುತ್ತದೆ. ‘ಉದ್ಗಮ್’ ಜಾಲತಾಣದಲ್ಲಿ ಅದರ ಸುಳಿವು ಹುಡುಕಿ, ಬ್ಯಾಂಕಿನ ಮೂಲಕ ಮರಳಿ ಪಡೆಯಬಹುದು.

ಮನೆ, ಜಮೀನನ್ನು ನಿಮ್ಮ ಹೆಸರಿಗೆ ಬರೆಸಿಕೊಳ್ಳುವ ಮಾತನ್ನು ಈ ಸಂದರ್ಭದಲ್ಲಿ ಎತ್ತಲೇಬೇಡಿ. ಪಿನ್, ಪಾಸ್‌ವರ್ಡ್ ಕೂಡ ಕೇಳಬೇಡಿ.

ನಾವು ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದೆವು: ಯಾವ ಬ್ಯಾಂಕ್, ಯಾವ ಶಾಖೆ, ನಾಮಿನಿ ಯಾರು, ಕಾಗದ ಎಲ್ಲಿದೆ. ಮೊತ್ತ ಬರೆಯುವ ಜಾಗವನ್ನು ಖಾಲಿ ಬಿಟ್ಟೆವು. ನೋಟ್‌ಬುಕ್ ಅಮ್ಮನ ಬೀರುವಿನಲ್ಲಿದೆ, ಕೀಲಿಕೈಯೂ ಅವರ ಬಳಿಯೇ ಇದೆ.