ಅಶೋಕದ ಚಕ್ಕೆಯಲ್ಲಿ ಕ್ರೋಮೋಸೋಮ್ ಎಣಿಸಬಹುದಾ?

ಪ್ರಶ್ನೆ: ಗ್ರಂಧಿಗೆ ಅಂಗಡಿಯಿಂದ ಅಶೋಕದ ಚಕ್ಕೆ ತಂದಿದ್ದೇವೆ. ಅದು ಸೀತಾ ಅಶೋಕದ್ದೋ, ರಸ್ತೆ ಬದಿ ಕಂಬದ ಹಾಗೆ ಬೆಳೆಯುವ ಅಶೋಕದ್ದೋ ಎಂದು ಅನುಮಾನ. ಬಿ.ಎಸ್ಸಿ. ಓದುತ್ತಿರುವ ಮಗಳು ಕ್ರೋಮೋಸೋಮ್ ಎಣಿಸಿದರೆ ಗೊತ್ತಾಗುತ್ತದೆ ಅನ್ನುತ್ತಾಳೆ. ಕಾಲೇಜು ಲ್ಯಾಬಿನಲ್ಲಿ ಆಗುತ್ತದಾ?
– ಓದುಗರೊಬ್ಬರು, ಸಾಗರ

ಉತ್ತರ: ಮರದ ವಿಷಯದಲ್ಲಿ ನಿಮ್ಮ ಮಗಳು ಹೇಳಿದ್ದು ಸರಿ. ಕ್ರೋಮೋಸೋಮ್ ಎಂದರೆ ಜೀವಕೋಶದೊಳಗೆ ವಂಶದ ಗುಣಗಳನ್ನು ಹೊತ್ತ ಎಳೆಗಳು. ಸೀತಾ ಅಶೋಕದ ಕೋಶದಲ್ಲಿ ಅವು 24, ಕಂಬದ ಅಶೋಕದ್ದರಲ್ಲಿ 18. ಹೆಸರು ಒಂದೇ ಆದರೂ ನೆಂಟಸ್ತಿಕೆ ಇಲ್ಲ. ಮೊದಲನೆಯದು ಹುಣಸೆಯ ಬಳಗ, ಎರಡನೆಯದು ಸೀತಾಫಲದ ಬಳಗ.

ಆದರೆ ಒಣ ಚಕ್ಕೆಯಲ್ಲಿ ಎಣಿಸಲು ಆಗುವುದಿಲ್ಲ. ಕ್ರೋಮೋಸೋಮ್ ದಪ್ಪಗಾಗಿ ಕಣ್ಣಿಗೆ ಬೀಳುವುದು ಜೀವಕೋಶ ಒಡೆದು ಎರಡಾಗುವ ಹೊತ್ತಿನಲ್ಲಿ ಮಾತ್ರ. ಅದಕ್ಕೆ ಬೆಳೆಯುತ್ತಿರುವ ಬೇರಿನ ತುದಿ ಬೇಕು. ಹೊಸ ಬೀಜ ಮೊಳೆಯಿಸಿ, ಬೇರು ಒಂದು ಸೆಂಟಿಮೀಟರ್ ಆದಾಗ ಬೆಳಗ್ಗೆಯೇ ತುದಿ ಕತ್ತರಿಸಿ, ಪ್ಯಾರಾಡೈಕ್ಲೋರೋಬೆಂಜೀನ್ ಎಂಬ ರಾಸಾಯನಿಕ ಬೆರೆಸಿದ ನೀರಿನಲ್ಲಿ ಕೆಲವು ಗಂಟೆ ಇಟ್ಟು, ಆಮೇಲೆ ಮೂರು ಪಾಲು ಆಲ್ಕೋಹಾಲ್‌ಗೆ ಒಂದು ಪಾಲು ಅಸಿಟಿಕ್ ಆಮ್ಲ ಸೇರಿಸಿದ ದ್ರವದಲ್ಲಿ ರಾತ್ರಿಯಿಡೀ ಬಿಡಬೇಕು. ಮಾರನೆಯ ದಿನ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಮೆತ್ತಗೆ ಮಾಡಿ, ಅಸಿಟೋಕಾರ್ಮಿನ್ ಎಂಬ ಬಣ್ಣ ಹಾಕಿ, ಕವರ್‌ಸ್ಲಿಪ್ (ಮೇಲೆ ಮುಚ್ಚುವ ತೆಳು ಗಾಜು) ಮೇಲೆ ಬ್ಲಾಟಿಂಗ್ ಪೇಪರ್ ಇಟ್ಟು ಹೆಬ್ಬೆರಳಿನಿಂದ ನೇರವಾಗಿ ಒತ್ತುವುದು. ಸ್ಲಿಪ್ ಕೂದಲೆಳೆಯಷ್ಟು ಪಕ್ಕಕ್ಕೆ ಜರುಗಿದರೂ ಕೋಶಗಳೆಲ್ಲ ಉಂಡೆಯಾಗಿ ಹೋಗುತ್ತವೆ, ಮತ್ತೆ ಹೊಸ ತುದಿ ಬೇಕು.

ಮಗಳು ಈರುಳ್ಳಿ ಬೇರಿನಲ್ಲಿ 16 ಉದ್ದುದ್ದ ಕ್ರೋಮೋಸೋಮ್ ನೋಡಿರುತ್ತಾಳೆ ಅಲ್ವಾ, ಅಷ್ಟು ಸುಲಭ ಇದಲ್ಲ. ಮರಗಳಲ್ಲಿ ಅವು ಸಾಮಾನ್ಯವಾಗಿ ತೀರಾ ಚಿಕ್ಕವು, ಚುಕ್ಕಿಗಳ ಹಾಗೆ. ಎರಡು ಒಂದರ ಮೇಲೊಂದು ಕೂತರೆ 24 ಇದ್ದದ್ದು 23 ಕಾಣುತ್ತದೆ. ಹತ್ತು ಹದಿನೈದು ಕೋಶವಾದರೂ ಎಣಿಸಲಿ. ಇನ್ನೊಂದು ಮಾತು, ಹುಣಸೆಗೂ ಅಷ್ಟೇ, 24 ಇವೆ! ಹಾಗಾಗಿ ಲೆಕ್ಕ ಒಂದನ್ನೇ ನಂಬಿ ಇದು ಅಶೋಕ ಎಂದು ಬರೆಯಬಾರದು, ಎಲೆ ಹೂವೂ ಹೊಂದಬೇಕು.

ನಿಮ್ಮ ಚಕ್ಕೆಯನ್ನು ಹತ್ತಿರದ ಆಯುರ್ವೇದ ಕಾಲೇಜಿನ ದ್ರವ್ಯಗುಣ (ಔಷಧಿ ಸಸ್ಯಗಳ) ವಿಭಾಗದಲ್ಲಿ ತೋರಿಸಿ. ತೊಗಟೆಯನ್ನು ತೆಳುವಾಗಿ ಸೀಳಿ ಮೈಕ್ರೋಸ್ಕೋಪ್‌ನಲ್ಲಿ ನೋಡುತ್ತಾರೆ. ಅಲ್ಲಿಯವರೆಗೆ ಸುಮ್ನೆ ಕಷಾಯ ಮಾಡಿ ಕುಡಿಯಬೇಡಿ.

ಮರ ಗುರುತಿಸುವುದಕ್ಕೆ ಲ್ಯಾಬೇ ಬೇಡ. ಸೀತಾ ಅಶೋಕದ ಒಂದೇ ಕಡ್ಡಿಯಲ್ಲಿ ನಾಲ್ಕೈದು ಜೊತೆ ಎಲೆ, ಚಿಗುರು ತಾಮ್ರದ ಬಣ್ಣದಲ್ಲಿ ಜೋಲುತ್ತದೆ, ಕಿತ್ತಳೆ ಕೆಂಪು ಹೂಗೊಂಚಲು. ಕಂಬದ ಅಶೋಕದ್ದು ಬಿಡಿ ಎಲೆ, ಅಂಚು ಅಲೆಅಲೆ, ಹೂ ಹಸಿರು. ತೊಗಟೆಗಾಗಿ ಸುಲಿದು ಸುಲಿದು ಕಾಡಿನಲ್ಲಿ ಸೀತಾ ಅಶೋಕ ಕಮ್ಮಿಯಾಗಿರುವುದು ನನಗಂತೂ ತುಂಬಾ ಬೇಜಾರಿನ ಸಂಗತಿ. ಬಿದ್ದ ಬೀಜ ಸಿಕ್ಕರೆ ಅರ್ಧ ಲ್ಯಾಬಿಗೆ, ಅರ್ಧ ಹಿತ್ತಲಿಗೆ ಹಾಕಿ. ಒಣಗಿಸಿ ಇಡಬೇಡಿ, ಮೊಳೆಯುವ ಶಕ್ತಿ ಬೇಗ ಹೋಗಿಬಿಡುತ್ತದೆ.