ಕಿವಿ ಕೇಳದ ಮರಿ ತರಬಹುದಾ?

ಪ್ರಶ್ನೆ: ಬೆಂಗಳೂರಿನಲ್ಲಿ ಬೀದಿ ನಾಯಿಗಳನ್ನು ಸಾಕುವ ಒಂದು ಕೇಂದ್ರಕ್ಕೆ ಹೋಗಿ ಎರಡು ತಿಂಗಳ ಬಿಳಿ ಮರಿ ನೋಡಿ ಬಂದೆವು. ಇದಕ್ಕೆ ಕಿವಿ ಕೇಳಲ್ಲ ಎಂದು ಅವರೇ ಹೇಳಿದರು. ಮಗಳಿಗೆ ಅದೇ ಬೇಕಂತೆ. ಕಿವುಡು ನಾಯಿ ಕಚ್ಚುತ್ತದೆ, ಏನೂ ಕಲಿಯಲ್ಲ ಅಂತ ನಮ್ಮತ್ತೆ ಬೇಡ ಅನ್ನುತ್ತಿದ್ದಾರೆ. ಏನು ಮಾಡಲಿ?
– ಓದುಗರು, ತುಮಕೂರು

ಉತ್ತರ: ತನ್ನಿ. ಆದರೆ ತರುವ ಮುಂಚೆ ಗೇಟಿನ ಸಂದಿ ನೋಡಿ, ಮರಿ ನುಸುಳುವಷ್ಟು ಜಾಗ ಇದ್ದರೆ ಜಾಲರಿ ಹೊಡೆಸಿ. ಇಂಥ ನಾಯಿಗೆ ದೊಡ್ಡ ಭಯ ಗಾಡಿಗಳದ್ದು. ಬಿಸಿಲಿಗೆ ಮರಿಗಳು ನಿಂತ ಕಾರಿನ ಕೆಳಗೇ ಹೋಗಿ ಮಲಗುವುದು, ಅಲ್ವಾ? ಬೇರೆ ಮರಿ ಎಂಜಿನ್ ಸದ್ದಿಗೇ ಎದ್ದು ಓಡುತ್ತದೆ. ಇದು ಮಲಗೇ ಇರುತ್ತದೆ. ಹಾಗಾಗಿ ಕಾರು ತೆಗೆಯುವ ಮುಂಚೆ ಬಗ್ಗಿ ನೋಡುವುದು ಮನೆಯವರಿಗೆಲ್ಲ ರೂಢಿಯಾಗಬೇಕು, ಹೊರಗೆ ಹೋದಾಗ ಎಷ್ಟೇ ಪಳಗಿದ ನಾಯಿಯಾದರೂ ಚೈನು ಬಿಚ್ಚುವ ಮಾತೇ ಇಲ್ಲ. ಬೆಲ್ಟಿಗೊಂದು ಗೆಜ್ಜೆ ಕಟ್ಟಿ, ಎಲ್ಲಿದೆ ಅಂತ ನಿಮಗಾದರೂ ಗೊತ್ತಾಗಲಿ.

ನಿಮ್ಮತ್ತೆಯ ಮಾತಿನಲ್ಲಿ ಸ್ವಲ್ಪ ನಿಜ ಇದೆ. ಕಿವಿ ಕೇಳಲ್ಲ ಅನ್ನುವ ಒಂದೇ ಕಾರಣಕ್ಕೆ ನಾಯಿ ಸಿಡುಕಾಗುವುದಿಲ್ಲ, ಆದರೆ ನಿದ್ದೆಯಲ್ಲಿದ್ದಾಗ ಯಾರಾದರೂ ಹಿಂದಿನಿಂದ ಬಂದು ತಟ್ಟಿದರೆ ಬೆಚ್ಚಿಬಿದ್ದು ಬಾಯಿ ಹಾಕಬಹುದು. ಎಬ್ಬಿಸಬೇಕಾದಾಗ ಅಂಗೈಯನ್ನು ಮೂಗಿನ ಹತ್ತಿರ ಹಿಡಿಯಿರಿ. ಮೂಗು ಅಲುಗುತ್ತದೆ. ಆಮೇಲೆ ಭುಜ ಮೆಲ್ಲಗೆ ಸವರಿ, ಕಣ್ಣು ಬಿಟ್ಟ ಕೂಡಲೇ ಬೇಯಿಸಿದ ಮೊಟ್ಟೆಯ ಚೂರು ಕೊಡಿ. ದಿನಾ ಹೀಗೆ ಮಾಡಿದರೆ, ಮುಟ್ಟಿದರೆ ಏನೋ ಸಿಗುತ್ತದೆ ಅಂತ ಬಾಲ ಆಡಿಸಿಕೊಂಡೇ ಏಳುತ್ತದೆ. ಮಗಳಿಗೆ ಮೊದಲು ಇದನ್ನು ಹೇಳಿಕೊಡಿ.

ಕಲಿಯಲ್ಲ ಅನ್ನುವುದು ಮಾತ್ರ ಸುಳ್ಳು. ನಾಯಿಗಳು ಹೇಗೂ ನಮ್ಮ ಕೈ, ಮುಖ ನೋಡಿಯೇ ಎಷ್ಟೋ ತಿಳಿದುಕೊಳ್ಳುತ್ತವೆ. ಹೆಬ್ಬೆರಳು ಎತ್ತಿದರೆ ಶಭಾಷ್, ಅಂಗೈ ಮೇಲೆತ್ತಿದರೆ ಕೂತ್ಕೋ. ಯಾವ ಸನ್ನೆಯಾದರೂ ಸರಿ, ಆದರೆ ಅತ್ತೆ ಒಂದು, ನೀವೊಂದು ಮಾಡಿದರೆ ಪಾಪ ಮರಿ ಏನು ಮಾಡಬೇಕು? ಅದು ತಾನಾಗಿ ನಿಮ್ಮ ಮುಖ ನೋಡಿದಾಗಲೆಲ್ಲ ಏನಾದರೂ ತಿನ್ನಲು ಕೊಡಿ. ನೋಡುವ ಅಭ್ಯಾಸವೇ ಇಲ್ಲದಿದ್ದರೆ ಸನ್ನೆ ಮಾಡಿ ಏನು ಬಂತು! ಕರೆಯಲು ನೆಲ ಕುಟ್ಟಿ, ಕತ್ತಲಾದರೆ ಲೈಟು ಹಾಕಿ ಆರಿಸಿ. ಮೆಲ್ಲಗೆ ಅದುರುವ ಬೆಲ್ಟು ಬೇಕಾದರೆ ಬಳಸಿ, ಶಾಕ್ ಕೊಡುವುದು ಬೇಡವೇ ಬೇಡ.

ಬಿಳಿ ಮರಿ ಅಂದಿರಿ. ಮೈಗೆ ಬಣ್ಣ ಕೊಡುವ ಜೀವಕೋಶಗಳು ಒಳಕಿವಿಗೂ ಬೇಕು. ಅಲ್ಲಿ ಅವು ಇಲ್ಲದಿದ್ದರೆ ಹುಟ್ಟಿದ ಕೆಲವೇ ವಾರಗಳಲ್ಲಿ ಸದ್ದು ಹಿಡಿಯುವ ಕೋಶಗಳು ಸತ್ತುಹೋಗುತ್ತವೆ. ಡಾಲ್ಮೇಷಿಯನ್ ತಳಿಯಲ್ಲಿ ಇದು ಜಾಸ್ತಿ. ಇದಕ್ಕೆ ಮದ್ದಿಲ್ಲ, ಸುಮ್ನೆ ಕಿವಿಗೆ ಎಣ್ಣೆಗಿಣ್ಣೆ ಬಿಡಬೇಡಿ. ಆದರೂ ಒಮ್ಮೆ ಪಶುವೈದ್ಯರಿಗೆ ತೋರಿಸಿ, ಸೋಂಕಿನಿಂದ ಕೇಳದೆ ಇದ್ದರೆ ಗುಣವಾಗಬಹುದು. ಹತ್ತಿರ ನಿಂತು ಚಪ್ಪಾಳೆ ತಟ್ಟಿ ಪರೀಕ್ಷೆ ಮಾಡಿದರೆ ಮೋಸ ಹೋಗುತ್ತೀರಿ, ಗಾಳಿ ತಾಗಿಯೇ ತಿರುಗಿಬಿಡುತ್ತದೆ. ಒಂದೇ ಕಿವಿ ಕೇಳುತ್ತಿದೆಯಾ ಅಂತ ಖಚಿತವಾಗುವುದು, ಸದ್ದು ಕೇಳಿಸಿದಾಗ ಮಿದುಳು ಸ್ಪಂದಿಸುತ್ತದೆಯಾ ಎಂದು ಯಂತ್ರದಲ್ಲಿ ನೋಡುವ ಬಿಎಇಆರ್ ಅನ್ನುವ ಪರೀಕ್ಷೆಯಲ್ಲಿ. ಅದು ಎಲ್ಲ ಕಡೆ ಇಲ್ಲ, ಸಿಗದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ, ಸಾಕುವ ರೀತಿಯೇನೂ ಬದಲಾಗದು.

ಮೂಗು ಗುಲಾಬಿ ಬಣ್ಣದ್ದಾಗಿದ್ದರೆ ಮಧ್ಯಾಹ್ನದ ಬಿಸಿಲಿಗೆ ಬಿಡಬೇಡಿ, ಸುಡುತ್ತದೆ. ಮೂರು ತಿಂಗಳಿಗೆ ರೇಬಿಸ್ ಚುಚ್ಚುಮದ್ದು, ಉಳಿದ ಲಸಿಕೆಗಳೆಲ್ಲ ಬೇರೆ ಮರಿಗಳಿಗೆ ಹಾಕಿಸಿದ ಹಾಗೆಯೇ. ಈವರೆಗೆ ಯಾವುದೆಲ್ಲ ಆಗಿದೆ ಎಂದು ಬರೆದಿರುವ ಕಾರ್ಡನ್ನು ಕೇಂದ್ರದವರ ಹತ್ತಿರ ಕೇಳಿ ಇಸಿದುಕೊಳ್ಳಿ.